ಹೀಟ್ ಪಂಪಿಗೊಂದು ಜಾಗ

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಮಗ್ಗದತ್ತೆ ಎಂದೇ ಕರೆಯುತ್ತಾರೆ. ಹರೆಯದಲ್ಲಿ ಬಟ್ಟೆ ಗಿರಣಿಗೆ ಸೇರಿದವರು, ಕೂದಲು ನರೆಯುವವರೆಗೂ ಮಗ್ಗಗಳ ನಡುವೆಯೇ ನಿಂತು ದುಡಿದರು. ಆ ಮಗ್ಗಗಳು ಅವರ ಅರ್ಧ ಕಿವಿಯನ್ನು ಕಿತ್ತುಕೊಂಡು, ಅದಕ್ಕೆ ಬದಲಾಗಿ ಮೂರು ಮನೆಯಾಚೆಗೂ ಕೇಳುವ ಗಂಟಲನ್ನು ಕೊಟ್ಟವು. ಅವರು ಗುಟ್ಟು ಹೇಳಿದರೆ ಬೀದಿಗೆಲ್ಲ ಡಂಗುರ. ಪಕ್ಕದ ಮನೆಯವಳಾದ ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ರೇಡಿಯೋ ಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಇಂಥವರು ಸದ್ದಿನ ಮೇಲೆ ಸಮರ ಸಾರಿದ್ದು ಸೊಸೆಗಾಗಿ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ರಾತ್ರಿಪಾಳಿ. ಅವಳ ನಿದ್ದೆಯೆಲ್ಲ ಹಗಲಿನಲ್ಲೇ ಆಗಬೇಕು. ಕಣ್ಣು ಮಂಜಾಗಿದ್ದರೆ ಅಂಗೈಯಗಲದ ಕೂಸಿಗೆ ಸೂಜಿ ಚುಚ್ಚುವುದು ಹೇಗೆ?

ಹಳೆಯ ಬಾಯ್ಲರ್ ಕೈಕೊಟ್ಟಾಗ ಮಗ ಹೀಟ್ ಪಂಪ್ ತರಿಸಿದ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ಸ್ನಾನದ ನೀರಿಗೂ ಕೋಣೆಗಳಿಗೂ ಕೊಡುವ ಯಂತ್ರ ಅದು. ಬೀರುವಿನಷ್ಟು ದಪ್ಪನೆಯ ಪೆಟ್ಟಿಗೆ, ಒಳಗೊಂದು ದೊಡ್ಡ ಫ್ಯಾನು. ಫಿಟ್ಟರ್ ಮನೆಯನ್ನೊಂದು ಸುತ್ತು ಹಾಕಿ, ಬಚ್ಚಲ ಹೊರಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿದ. ಅಲ್ಲಿಗಾದರೆ ಪೈಪು ಗಿಡ್ಡ, ಕೆಲಸ ಸಲೀಸು. ಆದರೆ ಆ ಗೋಡೆಯ ಪಕ್ಕದಲ್ಲೇ ಸೊಸೆ ಮಲಗುವ ಕೋಣೆಯ ಕಿಟಕಿ.

"ದಿನವಿಡೀ ಇದು ಕಿವಿಯಲ್ಲಿ ಗುಂಯ್ ಅಂದರೆ ನನಗೆ ಆ ವಾರ್ಡು ಆಗೋದಿಲ್ಲ ಅತ್ತೆ," ಎಂದಳು ಸೊಸೆ. "ಹಗಲು ಪಾಳಿ ಕೇಳ್ತೀನಿ. ಹೊರರೋಗಿಗಳ ವಿಭಾಗದಲ್ಲಿ ಚೀಟಿ ಕೊಡೋ ಕೆಲಸ ಇದ್ದೇ ಇದೆ."

ಮಗ್ಗದತ್ತೆ ಸೆರಗು ಸಿಕ್ಕಿಸಿ ಗುರುತನ್ನು ಒರೆಸಿಯೇಬಿಟ್ಟರು. "ಚೀಟಿ ಕೊಡೋಕೆ ಯಾರಾದ್ರೂ ಸಿಗ್ತಾರೆ. ಆ ಕೂಸುಗಳಿಗೆ ನಿನ್ನ ಕೈ ಎಲ್ಲಿ ಸಿಗುತ್ತೆ? ಈ ಡಬ್ಬಕ್ಕೆ ನಾನು ಜಾಗ ಹುಡುಕ್ತೀನಿ."

"ಅಮ್ಮಾ, ಬಲ್ಲವರು ಹೇಳಿದ ಕಡೆ ಹಾಕಿಸಿಬಿಡೋಣ," ಎಂದ ಮಗ.

"ಬಲ್ಲವರಿಗೆ ಪೈಪು ಗೊತ್ತು, ನಮ್ಮ ಹುಡುಗಿ ನಿದ್ದೆ ಗೊತ್ತಾ? ನೀನು ಸುಮ್ಮನಿರು."

ಅಟ್ಟದಿಂದ ಹಳೆಯ ಏರ್ ಕೂಲರ್ ಇಳಿಯಿತು. ಕೆಳಗೆ ಗಾಲಿ, ಹಿಂದೆ ಉದ್ದನೆಯ ವೈರು. ಅದನ್ನು ಒಂದೊಂದು ಕಡೆ ಓಡಿಸುವುದು, ಸೊಸೆ ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಳ್ಳುವುದು: ಇದು ಅತ್ತೆಯ ಲೆಕ್ಕಾಚಾರ.

"ಕೂಲರ್ ಸದ್ದೇ ಬೇರೆ, ಇದರ ಸದ್ದೇ ಬೇರೆ, ಅಮ್ಮಾ," ಎಂದ ಫಿಟ್ಟರ್.

"ಸದ್ದು ಯಾರ ಮನೇದಾದ್ರೇನಪ್ಪ, ನಿದ್ದೆ ಕೆಡಿಸೋ ಕೆಲಸ ಒಂದೇ!"

ಮೊದಲು ಅಡುಗೆಮನೆಯ ಹಿಂದಿನ ಸಂದು. ಮೂರು ಕಡೆ ಗೋಡೆಯಿರುವುದರಿಂದ ಸದ್ದು ಅಲ್ಲೇ ಬಂದಿಯಾಗುತ್ತದೆಂದು ಅವರ ನಂಬಿಕೆ. ಕೂಲರ್ ಹಚ್ಚಿ, ಪಕ್ಕದಲ್ಲೇ ನಿಂತು, "ನೋಡಿದಿರಾ, ಇಲ್ಲೇ ನಿಂತವಳಿಗೂ ಏನೂ ಕೇಳಿಸ್ತಿಲ್ಲ!" ಎಂದು ಬೀಗಿದರು. ನಾನು ಕಾಂಪೌಂಡಿನ ಈಚೆ ಕಿವಿ ಮುಚ್ಚಿಕೊಂಡಿದ್ದೆ. ಕೊಡದೊಳಗೆ ಮುಖವಿಟ್ಟು ಕೂಗಿದಂತೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಇಮ್ಮಡಿಯಾಗಿತ್ತು.

"ಕೇಳಿಸ್ತೇನೇ?" ಎಂದು ಅತ್ತೆ ಕೂಗಿದರು.

ಸೊಸೆ ಕಿಟಕಿಯಿಂದ ತಲೆ ಹಾಕಿದಳು. "ಎರಡು ಕೇಳಿಸ್ತು ಅತ್ತೆ. ಒಂದು ಕೂಲರ್ರು, ಇನ್ನೊಂದು ನೀವು. ಕೂಲರನ್ನಾದ್ರೂ ಆರಿಸಬಹುದು."

ಅತ್ತೆಗೂ ನಗು ತಡೆಯಲಾಗಲಿಲ್ಲ. ತಮ್ಮ ಕಿವಿಯನ್ನು ನಂಬಿ ತೀರ್ಪು ಕೊಟ್ಟದ್ದು ತಪ್ಪೆಂದು ಅವರಿಗೆ ಆಗ ಹೊಳೆಯಿತು. ಕೂಡಲೇ ಇನ್ನೊಂದು ಉಪಾಯ ತೆಗೆದರು. "ಹಾಗಾದ್ರೆ ಮುಂದುಗಡೆ, ನನ್ನ ಕೋಣೆ ಗೋಡೆಗೇ ಬಡಿದುಬಿಡಿ. ಸೊಸೆ ಕೋಣೆಗೆ ದೂರ. ನಾನು ಮಗ್ಗದ ಮಧ್ಯೆ ನಿಂತವಳು, ಇದು ನನಗೆ ಜೋಗುಳ."

ಗೋಡೆಗೆ ಕಬ್ಬಿಣದ ಕೈಗಳನ್ನು ಬಿಗಿದು ಫಿಟ್ಟರ್ ಕೂಲರನ್ನು ಅವುಗಳ ಮೇಲೆ ಕೂರಿಸಿ ಓಡಿಸಿದ. ಸೊಸೆ ತನ್ನ ಹಾಸಿಗೆಯಿಂದೆದ್ದು ಅತ್ತೆಯ ಕೋಣೆಗೆ ಬಂದಳು. "ನನ್ನ ಕೋಣೆಗೇನೋ ಕೇಳಿಸ್ತಿಲ್ಲ. ಆದರೆ ಇಲ್ಲಿ ಕೈಯಿಟ್ಟು ನೋಡಿ ಅತ್ತೆ."

ಅತ್ತೆ ಗೋಡೆಗೆ ಅಂಗೈ ಒತ್ತಿದರು, ಮಂಚದ ಕಾಲನ್ನು ಮುಟ್ಟಿದರು. ಗೋಡೆಯ ನಡುಕ ಮಂಚಕ್ಕೂ ಇಳಿದಿತ್ತು.

"ನನಗೇನೂ ಆಗೋದಿಲ್ಲ ಬಿಡೇ."

"ನಿಮ್ಮ ನಿದ್ದೆ ಕೆಡಿಸಿ ನಾನು ಮಲಗಬೇಕಾ? ಹಾಗಾದ್ರೆ ಚೀಟಿ ಕೊಡೋಕೇ ಹೋಗ್ತೀನಿ."

ಒಬ್ಬರು ಏರಿಗೆ ಎಳೆದರೆ ಇನ್ನೊಬ್ಬರು ನೀರಿಗೆ ಎಳೆಯುವುದು ಆ ಮನೆಯಲ್ಲಿ ಹೊಸದಲ್ಲ.  ಆದರೆ ಈ ಸಲ ಅತ್ತೆ ಹೊರಗೆ ಬಂದು ಗೋಡೆಯನ್ನೂ ಕೂಲರನ್ನೂ ನೋಡಿದರು. ಅದನ್ನು ತಾವೇ ಇಳಿಸಿ, ಗೋಡೆಯಿಂದ ಎರಡು ಹೆಜ್ಜೆ ದೂರ ನೆಲದ ಮೇಲೆ ಇಟ್ಟು, ಫ್ಯಾನಿನ ಮುಖವನ್ನು ಬೀದಿಗೆ ತಿರುಗಿಸಿ ಓಡಿಸಿದರು. ಮತ್ತೆ ಒಳಗೆ ಹೋಗಿ ಗೋಡೆ ಮುಟ್ಟಿದರು. ನಡುಕವಿಲ್ಲ.

"ಇಲ್ಲಿ ಬೇರೆಯಾಗಿ ಒಂದು ಕಾಂಕ್ರೀಟ್ ಕಟ್ಟೆ ಹಾಕಪ್ಪ. ಮನೆಗೆ ತಾಗಬಾರದು."

ಫಿಟ್ಟರ್ ತಲೆ ಕೆರೆದುಕೊಂಡ. "ಹಾಕಬಹುದು. ಕೆಳಗೆ ರಬ್ಬರ್ ಕೊಟ್ಟು, ಗೋಡೆಗೆ ಸೇರೋ ಕಡೆ ಬಳುಕೋ ಪೈಪು ಹಾಕಿದ್ರೆ ಇನ್ನೂ ಒಳ್ಳೇದು. ಆದರೆ ಪೈಪು ಮನೆ ಸುತ್ತಿ ಬರಬೇಕು, ಬಿಸಿ ಆರದ ಹಾಗೆ ಅದಕ್ಕೆ ದಪ್ಪ ಹೊದಿಕೆ ಹಾಕಬೇಕು. ಎರಡು ದಿನದ ಕೆಲಸ."

"ನಾಲ್ಕು ದಿನ ಆಗಲಿ. ಅಲ್ಲಿವರೆಗೂ ತಣ್ಣೀರು ಹಾಕ್ಕೊಂಡ್ರೆ ಯಾರೂ ಸಾಯೋದಿಲ್ಲ."

ಅವರು ನನ್ನನ್ನೂ ಬಿಡಲಿಲ್ಲ. "ಟೀಚರಮ್ಮಾ, ನಿಮ್ಮ ಕೋಣೆಗೆ ಹೋಗಿ ಕೇಳಿ ಬನ್ನಿ. ಸಂಕೋಚಕ್ಕೆ ಕೇಳಿಸ್ತಿಲ್ಲ ಅನ್ನಬೇಡಿ." ನಾನು ಕಿಟಕಿ ತೆರೆದು ಕುಳಿತು ಕೇಳಿದೆ. ಬೀದಿಯ ಬಸ್ಸುಗಳ ಸದ್ದಿನಲ್ಲಿ ಕೂಲರ್ ಕರಗಿಹೋಗಿತ್ತು. ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಕಟ್ಟೆ ಒಣಗಿತು, ಯಂತ್ರ ಅದರ ಮೇಲೆ ಕೂತಿತು. ಅದನ್ನು ಚಾಲೂ ಮಾಡಿದ ಬೆಳಿಗ್ಗೆ ಸೊಸೆ ಪಾಳಿ ಮುಗಿಸಿ ಬಂದು ಆಗಲೇ ಮಲಗಿದ್ದಳು. ಅವಳಿಗೆ ಯಾರೂ ಹೇಳಲಿಲ್ಲ. ಅತ್ತೆ ಆ ದಿನ ತುಟಿ ಬಿಚ್ಚಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಸಂಜೆಯಾಗುತ್ತಾ ಸೊಸೆ ಆಕಳಿಸುತ್ತ ಹೊರಬಂದಳು. ನಾನು ಅತ್ತೆಯ ಜೊತೆ ಅವರ ಜಗಲಿಯಲ್ಲಿ ಕುಳಿತಿದ್ದೆ.

"ಏನತ್ತೆ, ಯಂತ್ರ ಚಾಲೂ ಮಾಡೋಕೆ ಫಿಟ್ಟರ್ ಇವತ್ತೂ ಬರಲಿಲ್ವಾ?"

"ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಮ್ಮ."

ಒಳಗೆ ನೀರು ಬಿದ್ದ ಸದ್ದು. "ಅಯ್ಯೋ, ಸುಡ್ತಿದೆ!" ಎಂಬ ಕೂಗು, ಹಿಂದೆಯೇ ನಗು.

ಅತ್ತೆ ಅಷ್ಟು ಹೊತ್ತು ಕಟ್ಟಿಟ್ಟ ಗಂಟಲನ್ನು ಬಿಟ್ಟರು. "ಬೇಗ ಸ್ನಾನ ಮುಗಿಸೇ! ಪಾಳಿಗೆ ಹೊತ್ತಾಯ್ತು, ಕೂಸುಗಳು ಕಾಯ್ತಿರ್ತಾವೆ!"