ಮೆಣಸಿನಕಾಯಿಯ ತಿಂಗಳಲ್ಲಿ ಎಣಿಸಿದ ಶಾಲೆ

ಮೊನ್ನೆ ಆದೋನಿ ರೈಲು ನಿಲ್ದಾಣದಲ್ಲಿ ಯಾರೋ ಒಣಮೆಣಸಿನಕಾಯಿಯ ಚೀಲವನ್ನು ಧೊಪ್ಪೆಂದು ಇಳಿಸಿದರು. ಘಾಟು ಗಂಟಲಿಗಿಳಿಯಿತು, ಕೆಮ್ಮಿನ ಜೊತೆಗೇ ನಮ್ಮೂರ ಶಾಲೆಯ ಅಡುಗೆಯಕ್ಕ ನೆನಪಾದಳು...

ಆಂಧ್ರದ ಗಡಿಯಲ್ಲಿ, ಕೋಸಗಿಯ ಬಳಿಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಆಕೆ ಮಧ್ಯಾಹ್ನದ ಬಿಸಿಯೂಟ ಬೇಯಿಸುತ್ತಿದ್ದಳು. ಹಾಜರಿ ಪುಸ್ತಕವನ್ನು ಎಂದೂ ಕೇಳಿದವಳಲ್ಲ. ಪ್ರಾರ್ಥನೆಗೆ ನಿಂತ ತಲೆಗಳನ್ನು ಒಲೆಯ ಬಳಿಯಿಂದಲೇ ನೋಡಿ, ತಲೆಗೊಂದು ಬೊಗಸೆಯಂತೆ ಅಕ್ಕಿ ಹಾಕಿ, ಕೊನೆಗೆ ಇನ್ನೊಂದು ಬೊಗಸೆ ಸೇರಿಸುತ್ತಿದ್ದಳು. “ತಡ ಆಗಿ ಬರೋ ಕೂಸಿಗೆ,” ಎನ್ನುತ್ತಿದ್ದಳು. ಎಷ್ಟೋ ದಿನ ಆ ಕೊನೆಯ ಬೊಗಸೆಯನ್ನು ಉಂಡವಳು ನಾನೇ.

ನಾನು ಎಂ.ಎ. ಓದುತ್ತಿದ್ದಾಗ, ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ವಿಲೀನಗೊಳಿಸುವ ಆದೇಶ ಬಂತು. ವೆಚ್ಚ ಉಳಿತಾಯ ಎಂದು ಅದಕ್ಕೆ ಹೆಸರಿಟ್ಟರು. ಎಣಿಕೆಗೆ ಆರಿಸಿಕೊಂಡ ತಿಂಗಳು ಜನವರಿ. ಅರ್ಧ ಊರೇ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿ, ಮಕ್ಕಳೂ ಹೊಲದ ಬದುವಿನಲ್ಲಿ ಮಲಗುವ ತಿಂಗಳು ಅದು. ಈ ಮಂಡಲದ ಕಾಗೆಗಳಿಗೂ ಅದು ಗೊತ್ತು. ಕಚೇರಿಗೆ ಗೊತ್ತಿರಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ.

ಹಬ್ಬದ ರಜೆಗೆ ಬಂದವಳು ಅರ್ಜಿ ಬರೆದೆ. ಓದಿ ಹೇಳಿದಾಗ ಅಡುಗೆಯಕ್ಕ ನಕ್ಕಳು. “ಚೊಲೊ ಬರದಿ ತಂಗೀ. ಆದ್ರ ಕಾಗದಕ್ಕ ಹೊಟ್ಟಿ ಇಲ್ಲ. ಹುಡುಗರನ್ನ ತಂದು ನಿಂದರಸೋಣ.”

ತಪಾಸಣೆಯ ದಿನ ತಿಳಿದೊಡನೆ ಆಕೆ ಊರಿನ ನಾಲ್ವರು ಹೆಂಗಸರೊಂದಿಗೆ ರೈಲು ಹತ್ತಿದಳು. ಹೊಲದಿಂದ ಹೊಲಕ್ಕೆ ಅಲೆದರು. ಕೂಲಿ ಬಿಟ್ಟು ಬರಲಾಗದ ತಾಯಂದಿರು ಮಕ್ಕಳನ್ನು ಇವರ ಕೈಗೆ ಒಪ್ಪಿಸಿ ಕಳಿಸಿದರು. ಆ ಬೆಳಿಗ್ಗೆ ನಲವತ್ತೊಂದು ಮಕ್ಕಳು ಸಾಲಾಗಿ ನಿಂತರು. ಬೆರಳಿಗೆ ಹತ್ತಿದ ಖಾರ ಇನ್ನೂ ಹೋಗಿರಲಿಲ್ಲ, ಒಬ್ಬರೂ ಕಣ್ಣುಜ್ಜಿಕೊಳ್ಳಲಿಲ್ಲ.

ಅಧಿಕಾರಿ ಸಾಲಿನತ್ತ ನೋಡಲಿಲ್ಲ, ಫೋನಿನತ್ತ ನೋಡಿದ. “ಯಾಪ್‌ಲೋ ತೊಮ್ಮಿದಿ ಮಂದೇ ಉನ್ನಾರಮ್ಮಾ,” ಎಂದ. ಫೋನಿನ ಹಾಜರಿಯಲ್ಲಿ ಇದ್ದವರು ಒಂಬತ್ತೇ ಮಂದಿ.

“ಇಲ್ಲಿ ನಿಂತವ್ರು ಬೆದರಗೊಂಬಿ ಏನ್ರಿ ಸಾರ್?” ಅಡುಗೆಯಕ್ಕ ಸೌಟು ಹಿಡಿದೇ ಕೇಳಿದಳು. “ಹಂಗಾದ್ರ ಮಧ್ಯಾಹ್ನ ನಿಮ್ಮ ಫೋನಿಗೇ ಉಣ್ಣಾಕ ಹಾಕ್ತೀನಿ, ಕುಂದರಸ್ರಿ!”

ಹೆಂಗಸರು ನಕ್ಕರು. ಆತ ಫೋನಿನ ಒಂಬತ್ತನ್ನೇ ಬರೆದುಕೊಂಡು ಹೋದ.

ಜೂನಿನಲ್ಲಿ ಬೀಗ ಬಿತ್ತು. ಬೀಗದ ಮುಂದೆಯೇ ಆಕೆ ಒಲೆ ಹೂಡಿದಳು. ಮನೆಮನೆಯಿಂದ ಜೋಳ ಬಂತು, ಬೇಳೆ ಬಂತು, ಪಕ್ಕದ ಹಳ್ಳಿಯಿಂದ ಗಾಡಿಯಲ್ಲಿ ಕಟ್ಟಿಗೆ ಬಂತು. ಹನ್ನೊಂದು ದಿನ ಮಕ್ಕಳು ಅಲ್ಲೇ ಓದಿದರು, ಅಲ್ಲೇ ಉಂಡರು. ಹನ್ನೆರಡನೆಯ ದಿನ ಜೀಪಿನಿಂದ ಇಳಿದವರು ಉರಿಯುವ ಒಲೆಗೆ ನೀರು ಸುರಿದರು.

ಕೆಲಸ ಹೋದ ಮೇಲೆ, ಮರುವರ್ಷ ಆಕೆಯೂ ಮೆಣಸಿನಕಾಯಿ ಬಿಡಿಸಲು ಹೋದಳು. ಸುಗ್ಗಿಯ ಕೊನೆಗೆ, ಮಾರ್ಚಿನ ಬಿಸಿಲಿಗೆ ಹೊಲದಲ್ಲೇ ಕುಸಿದಳಂತೆ... ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಇದನ್ನು ನಾನು ವಿಧಿ ಎನ್ನಲಾರೆ. ಜನವರಿಯನ್ನು ಆರಿಸಿದ ಕೈಯೊಂದಿದೆ, ಸಹಿ ಹಾಕಿದ ಕೈಯೊಂದಿದೆ. ಅವು ಯಾರವು ಎಂದು ಕೇಳಿ ಬರೆದ ಒಂದು ಪತ್ರಕ್ಕೂ ಇವತ್ತಿನವರೆಗೆ ಉತ್ತರವಿಲ್ಲ.

ಮೊನ್ನೆ ನಿಲ್ದಾಣದಿಂದ ನೇರವಾಗಿ ಊರಿಗೆ ಹೋದೆ. ಸೋಮವಾರದ ನಡುಹಗಲು. ಹೆದ್ದಾರಿ ದಾಟಿ ದೂರದ ಶಾಲೆಗೆ ಹೋಗಲಾರದೆ ಓದು ಬಿಟ್ಟ ಮಕ್ಕಳು ಬೀಗ ಹಾಕಿದ ಶಾಲೆಯ ಅಂಗಳದಲ್ಲಿ ಆಡುತ್ತಿದ್ದರು. ಒಲೆಯಿದ್ದ ಜಾಗದಲ್ಲಿ ನಿಂತು ಎಣಿಸಿದೆ. ಇಪ್ಪತ್ತಮೂರು. ತಡವಾಗಿ ಬರುವ ಕೂಸಿಗೆಂದು ಇನ್ನೊಂದು ಸೇರಿಸಿದೆ. ಈ ಎಣಿಕೆಯನ್ನು ಕಚೇರಿಯ ಮೇಜಿಗೆ ಒಯ್ಯುತ್ತೇನೆ, ಬಿಡುವುದಿಲ್ಲ. ಆದರೆ ಅಂಗಳದಲ್ಲಿ ಮಧ್ಯಾಹ್ನವಾಗಿತ್ತು, ಮಕ್ಕಳಿಗೆ ಹಸಿವಾಗಿತ್ತು, ಅಕ್ಕಿ ಅಳೆಯುವ ಆ ಬೊಗಸೆ ಇರಲಿಲ್ಲ.