ಅತ್ತೆ ತಿನ್ನದ ರೊಟ್ಟಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಒಣದ್ರಾಕ್ಷಿ ಕುದಿಯುತ್ತಿದ್ದ ಪಾತ್ರೆ ಹಿತ್ತಾಳೆಯದು ಎಂದು ನಾನು ದಿನಚರಿಯಲ್ಲಿ ಎರಡು ಕಡೆ ಬರೆದಿದ್ದೇನೆ. ಅವ್ವ ಅದು ಜರ್ಮನ್ ಪಾತ್ರೆ, ಅಲ್ಯೂಮಿನಿಯಂನದು, ಹಿತ್ತಾಳೆಯದು ನಮ್ಮ ಮನೆಯಲ್ಲಿ ಇರಲೇ ಇಲ್ಲ ಎನ್ನುತ್ತಾಳೆ. ಇರಬಹುದು. ವಾಸನೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಹೋದ ತಿಂಗಳು ಪಕ್ಕದ ಮನೆಯವರು ಮಗುವಿನ ಕೆಮ್ಮಿಗೆಂದು ಕಪ್ಪು ದ್ರಾಕ್ಷಿ ಕುದಿಸುತ್ತಿದ್ದರು. ಕಿಟಕಿಯಿಂದ ಆ ಸಿಹಿ ವಾಸನೆ ಬಂತು, ಅಂಚಿನಲ್ಲಿ ಸ್ವಲ್ಪ ಸೀದದ್ದು, ಒದ್ದೆ ಕಟ್ಟಿಗೆಯ ಹೊಗೆಯಂಥದ್ದು. ನಾನು ಕೈಯಲ್ಲಿದ್ದ ಉತ್ತರಪತ್ರಿಕೆ ಕೆಳಗಿಟ್ಟು, ಇವತ್ತು ಶನಿವಾರ, ಅತ್ತೆ ಒಳಗಿದ್ದಾಳೆ ಎಂದುಕೊಂಡೆ. ಅದು ಬುಧವಾರವಾಗಿತ್ತು. ಅತ್ತೆ ಹೋಗಿ ಬಹಳ ವರ್ಷಗಳಾಗಿವೆ.

ಆ ಮನೆಯೂ ಇಲ್ಲ. ಬೀದರಿನಲ್ಲಿ ನಮ್ಮ ಚರ್ಚಿನ ಬೆನ್ನಿಗೆ ಅಂಟಿಕೊಂಡಿದ್ದ ಪಾಸ್ಟರ್ ಮನೆ ಅದು, ಕೆಂಪು ಜಂಬಿಟ್ಟಿಗೆಯ ಗೋಡೆಗಳು, ಬೇಸಿಗೆಯಲ್ಲಿ ಕೆನ್ನೆ ಇಟ್ಟರೆ ತಣ್ಣಗೆ, ಮಳೆಗಾಲದಲ್ಲಿ ಬೆನ್ನು ಒರಗಿಸಿದರೆ ಅಂಗಿಯೆಲ್ಲ ಕೆಂಪು. ಈಗ ಅಲ್ಲಿ ಮೂರು ಷಟರಿನ ಅಂಗಡಿಗಳಿವೆ. ಅಪ್ಪ ಆ ಸಭೆಯ ಪಾಸ್ಟರ್ ಆಗಿದ್ದರು. ಕರುಣಾ ಅತ್ತೆ ಅಪ್ಪನ ಅಕ್ಕ, ಐದು ವರ್ಷ ದೊಡ್ಡವಳು. ಭಾಲ್ಕಿಯ ಗಂಡನ ಮನೆಯಿಂದ ಮದುವೆಯಾದ ಮೂರನೇ ವರ್ಷಕ್ಕೆ ಒಂದು ಟ್ರಂಕು ಹಿಡಿದು ಬಂದವಳು ಮತ್ತೆ ಅಲ್ಲಿ ಬಾಳಲು ಹೋಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅಪ್ಪನಿಗೆ ಪಾಸ್ಟರ್ ಪಟ್ಟವಾದ ದಿನದಿಂದ ನಾಲ್ಕು ಜನರ ಎದುರು ಅವರನ್ನು 'ಪಾಸ್ಟರ್‌ರೀ' ಎಂದೇ ಕರೆಯುತ್ತಿದ್ದಳು. ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ. ಯೇಸು ಸಾಯುವ ಮೊದಲು ಶಿಷ್ಯರೊಂದಿಗೆ ಕುಳಿತು ಉಂಡದ್ದರ ನೆನಪಿಗೆ ಎಲ್ಲರೂ ಮುಂದೆ ಹೋಗಿ ಮಂಡಿಯೂರಿ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಿರಸ ತೆಗೆದುಕೊಳ್ಳುತ್ತಿದ್ದರು. ಆ ರೊಟ್ಟಿ ಬೇಯಿಸುವುದು, ಒಣದ್ರಾಕ್ಷಿ ಕುದಿಸಿ ಆ ರಸ ತೆಗೆಯುವುದು ಅತ್ತೆಯ ಕೆಲಸ.

ಶನಿವಾರ ಮಧ್ಯಾಹ್ನವೇ ಅದು ಶುರುವಾಗುತ್ತಿತ್ತು. ಗೋಧಿಹಿಟ್ಟನ್ನು ಮೂರು ಸಲ ಜರಡಿ ಹಿಡಿಯುತ್ತಿದ್ದಳು. ದಪ್ಪನೆಯ ರೊಟ್ಟಿ ಬೇಯಿಸಿ, ಆರಿದ ಮೇಲೆ ನನ್ನ ಸಾಲೆಯ ಕಟ್ಟಿಗೆಯ ಸ್ಕೇಲು ತೊಳೆದು ಒರೆಸಿ, ರೊಟ್ಟಿಯ ಮೇಲಿಟ್ಟು, ಚಾಕುವಿನಿಂದ ಉಗುರಗಲದ ಚೌಕಗಳನ್ನು ಕತ್ತರಿಸುತ್ತಿದ್ದಳು. ಕಂದು ಕಲೆ ಇದ್ದದ್ದು, ಮೂಲೆ ಮುರಿದದ್ದು, ಕೂದಲೆಳೆಯಷ್ಟು ಓರೆಯಾದದ್ದು ತಟ್ಟೆಗೆ ಸೇರುತ್ತಿರಲಿಲ್ಲ. ಅವು ನನ್ನ ಪಾಲು. ಅರವತ್ತು ಜನರ ಸಭೆಗೆ ಅವಳು ನಾಲ್ಕು ರೊಟ್ಟಿ ಬೇಯಿಸಬೇಕಾಗುತ್ತಿತ್ತು, ಏಕೆಂದರೆ ಎರಡರಷ್ಟು ನನ್ನ ಹೊಟ್ಟೆಗೆ ಹೋಗುತ್ತಿತ್ತು. ಜನವಾಡದಿಂದ ಬಸ್ಸಿನಲ್ಲಿ ಮೊಸರು ತರುತ್ತಿದ್ದ ಶಿವಮ್ಮ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ನಮ್ಮ ಪಡಸಾಲೆಯಲ್ಲಿ ಕುಳಿತು ಇದನ್ನು ನೋಡುತ್ತಿದ್ದಳು.

"ಏನ್ರಿ ಕರುಣಕ್ಕ, ನಿಮ್ಮ ದೇವ್ರು ಪಟ್ಟಿ ಹಚ್ಚಿ ಅಳೀತಾನೇನ್ರಿ?" ಎಂದಳು ಒಮ್ಮೆ.

"ಸುಮ್ನ ಕೂಡವ್ವ ಶಿವಮ್ಮ. ಕೈ ತಪ್ಪತದ."

"ಅಳೀಲಿ ಬಿಡ್ರಿ. ನಮ್ಮ ಮನ್ಯಾಗ ಜಂಗಮರು ಊಟಕ್ಕ ಬಂದ್ರ ಹರದ ರೊಟ್ಟೀನೂ ತಿಂತಾರ. ಹಸಿವಿದ್ದವ್ರು ನೋಡ್ರಿ."

ಅತ್ತೆ ನಗಲಿಲ್ಲ. ಅವಳು ಶನಿವಾರ ನಗುತ್ತಿದ್ದದ್ದು ನನಗೆ ನೆನಪಿಲ್ಲ.

ಭಾನುವಾರ ಬಿಳಿ ಬಟ್ಟೆ ಮುಚ್ಚಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಡುದಾರಿಯಲ್ಲಿ ನಡೆದು ಬಂದು ಮೇಜಿನ ಮೇಲಿಡುತ್ತಿದ್ದಳು. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಕುಳಿತುಬಿಡುತ್ತಿದ್ದಳು. ಸಾಲು ಸಾಲಾಗಿ ಜನ ಮುಂದೆ ಹೋಗಿ, ಮಂಡಿಯೂರಿ, ಅವಳು ಅಳೆದು ಕತ್ತರಿಸಿದ್ದನ್ನು ತಿಂದು ಬರುತ್ತಿದ್ದರು. ಅವಳು ಮಾತ್ರ ಏಳುತ್ತಿರಲಿಲ್ಲ. ಮಕ್ಕಳಿಗೆ ಇನ್ನೂ ಕೊಡುತ್ತಿರಲಿಲ್ಲವಾದ್ದರಿಂದ ನಾನೂ ಅವಳ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ದೊಡ್ಡವರಲ್ಲಿ ಏಳದವಳು ಅವಳೊಬ್ಬಳೇ ಎಂಬುದು ನನಗೆ ಒಂಬತ್ತನೇ ವರ್ಷಕ್ಕೆ ಹೊಳೆದಿರಬೇಕು. ಯಾಕತ್ತಿ ಎಂದು ಕೇಳಿದೆ. "ನಂದು ತಯಾರಿ ಆಗಿಲ್ಲ ಪುಟ್ಟಿ, ಮುಂದಿನ ತಿಂಗಳಾ," ಎಂದಳು. ಮುಂದಿನ ತಿಂಗಳೂ ಹಾಗೇ ಅಂದಳು. ವಾರವಿಡೀ ಅವಳು ತನ್ನನ್ನು ತಾನೇ ಕಾಯುತ್ತಿದ್ದಳು. ಸೋಮವಾರ ನೀರಿನ ಸರದಿಯಲ್ಲಿ ಯಾರಿಗೋ ಸಿಡುಕಿದ್ದು, ಮಂಗಳವಾರ ಪ್ರಾರ್ಥನೆಯ ನಡುವೆ ಹಾಲು ಉಕ್ಕೀತೆಂದು ಯೋಚಿಸಿದ್ದು, ಎಲ್ಲವೂ ಶನಿವಾರದ ಹೊತ್ತಿಗೆ ಒಂದರ ಮೇಲೊಂದು ಕೂಡಿ ಅವಳನ್ನು ಆ ಬೆಂಚಿಗೆ ಕೂರಿಸಿಬಿಡುತ್ತಿದ್ದವು. ಅಂಥ ಹೊಣೆಗಾರಿಕೆಯ ಹೆಂಗಸು ಇನ್ನೊಬ್ಬಳಿಲ್ಲ ಎಂದು ಸಭೆಯವರು ಹೊಗಳುತ್ತಿದ್ದರು. ಅವಳ ಹಸಿವನ್ನು ನಾವೆಲ್ಲ ಭಕ್ತಿ ಎಂದುಕೊಂಡೆವು.

ಡಾಬಕಾಕ್ಕೆ ಹೋದ ದಿನ ನನಗೆ ಹನ್ನೊಂದು ವರ್ಷ. ಔರಾದ್ ತಾಲೂಕಿನ ಆ ಹಳ್ಳಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ಅಲ್ಲಿದ್ದ ಏಳೆಂಟು ಕ್ರೈಸ್ತ ಮನೆಗಳಿಗಾಗಿ ಅಪ್ಪ ವರ್ಷಕ್ಕೆ ಎರಡು ಸಲ ಹೋಗಿ ಭೋಜನ ಕೊಟ್ಟು ಬರುತ್ತಿದ್ದರು. ಅತ್ತೆಯ ಮಡಿಲಲ್ಲಿ ರಸದ ಬಾಟಲಿ, ನನ್ನ ಮಡಿಲಲ್ಲಿ ರೊಟ್ಟಿಯ ಸ್ಟೀಲ್ ಡಬ್ಬಿ. ಔರಾದ್ ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂದು ಬಸ್ಸು ಗಕ್ಕನೆ ನಿಂತಿತು. ಡಬ್ಬಿ ಬಿತ್ತು, ಮುಚ್ಚಳ ಉರುಳಿತು, ಚೌಕಗಳೆಲ್ಲ ಜನರ ಚಪ್ಪಲಿಗಳ ನಡುವೆ, ಯಾರದೋ ಕೋಳಿಬುಟ್ಟಿಯ ಕೆಳಗೆ ಚೆಲ್ಲಿದವು. ನಾನು ನಿದ್ದೆಗಣ್ಣಲ್ಲಿದ್ದೆ ಎಂದು ನನ್ನ ನೆನಪು, ಅದಕ್ಕೇ ಬಿತ್ತು. ಡಬ್ಬಿಯ ಕೊಂಡಿ ಮೊದಲೇ ಸಡಿಲಾಗಿತ್ತು ಎಂದು ಅತ್ತೆ ಕಡೆಯವರೆಗೂ ಹೇಳುತ್ತಿದ್ದಳು. ಅದು ನಿಜವೋ, ನನ್ನನ್ನು ಉಳಿಸಲು ಆಡಿದ ಮಾತೋ ಇವತ್ತಿಗೂ ಗೊತ್ತಿಲ್ಲ. ಆಗ ಮಾತ್ರ ಅವಳು ಬಸ್ಸಿನ ನೆಲದಲ್ಲಿ ಕುಳಿತು ಒಂದೊಂದೇ ಚೌಕ ಆರಿಸುತ್ತ, ಸೆರಗಿನಲ್ಲಿ ಒರೆಸುತ್ತ, "ತಿರುಗಿ ಹೋಗೂಣ್ರಿ ಪಾಸ್ಟರ್‌ರೀ, ಇವತ್ತ ಬ್ಯಾಡ್ರಿ," ಎನ್ನುತ್ತಿದ್ದಳು. ಅಪ್ಪ, "ಅಕ್ಕಾ, ಮ್ಯಾಲ ಕೂಡು, ಮಂದಿ ನೋಡ್ಲಿಕತ್ಯಾರ," ಎಂದರು.

ಡಾಬಕಾದಲ್ಲಿ ಕೂಟ ನಡೆದದ್ದು ಗುಂಡಮ್ಮ ಎಂಬ ಮುದುಕಿಯ ಅಂಗಳದಲ್ಲಿ. ಇಡೀ ದಿನ ಕುರಿ ಕಾಯುವವಳು, ಕೈ ಬಿಸಿಲಿಗೆ ಒಡೆದಿತ್ತು. ರೊಟ್ಟಿ ಚೆಲ್ಲಿದ ಸುದ್ದಿ ಕೇಳಿ ಒಳಗೆ ಹೋಗಿ ಮುಂಜಾನೆಯ ಜೋಳದ ರೊಟ್ಟಿಯೊಂದನ್ನು ತಂದು ಅಪ್ಪನ ಮುಂದಿಟ್ಟಳು. ಒಂದು ಅಂಚು ಕರಕಾಗಿತ್ತು. ಅಪ್ಪ ಸ್ವಲ್ಪ ಹಿಂದೆಗೆದರು, ಆಮೇಲೆ ಬೇರೆ ದಾರಿಯಿಲ್ಲದೆ ಅದನ್ನೇ ಆಶೀರ್ವದಿಸಿ, ಮುರಿದು, ಒಬ್ಬರಿಂದೊಬ್ಬರಿಗೆ ದಾಟಿಸಲು ಹೇಳಿದರು. ಅತ್ತೆ ಬಾಗಿಲ ಬಳಿ ಕುಳಿತಿದ್ದಳು. ರೊಟ್ಟಿ ಗುಂಡಮ್ಮನ ಕೈಗೆ ಬಂದಾಗ ಅವಳು ತನ್ನದನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಅತ್ತೆಯ ಕಡೆ ಚಾಚಿದಳು.

"ನಾ ಒಲ್ಲೆವ್ವ," ಅಂದಳು ಅತ್ತೆ. "ನನಗ ಯೋಗ್ಯತಾ ಇಲ್ಲ."

"ಇಲ್ಲಿ ಯಾರಿಗದ ಬೇ? ನಾ ಮುಂಜಾನಿ ಸೊಸಿಗಿ ಬಾಯಿಗಿ ಬಂದಂಗ ಬೈದೀನಿ. ಬೈದೀನಂತನೇ ಬಂದೀನಿ, ಇಲ್ಲಂದ್ರ ಕುರಿ ಹಿಂದ ಹೋಗ್ತಿದ್ದೆ."

"ನಿಂದು ಬ್ಯಾರಿ. ನಂದು ಮಾಫ್ ಆಗೂದಲ್ಲ."

"ಅದರ ಫಿಕರ್ ಯೇಸುಗ ಬಿಡು. ನಮ್ಮ ಪಾಪಕ್ಕ ಸತ್ತವ ಅಂವ, ನೀ ಅಲ್ಲ. ಬಾಯಿ ತಗಿ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುಂಡಮ್ಮ, ಮಗುವಿಗೆ ತುತ್ತಿಡುವಂತೆ, ಆ ಕರಕು ಅಂಚನ್ನೇ ಅತ್ತೆಯ ಬಾಯಿಗಿಟ್ಟಳು. ಅತ್ತೆ ತಿಂದಳು. ಗಟ್ಟಿ ರೊಟ್ಟಿ, ಬಹಳ ಹೊತ್ತು ಅಗಿದಳು, ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಅಪ್ಪನ ಕೈ ಗಾಳಿಯಲ್ಲಿ ಅರ್ಧಕ್ಕೆ ನಿಂತಿತ್ತು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ಅದನ್ನು ಬರೆದದ್ದು ಹದಿನೈದು ವರ್ಷದ ನಂತರ; ಆ ಕೈಯನ್ನು ಅಲ್ಲಿ ನಿಲ್ಲಿಸಿದವಳು ನಾನೇ ಇರಬಹುದು.

ತಿರುಗಿ ಬರುವಾಗ ಅಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿದ್ದರು. ಹಿಂದೆ ನನ್ನ ಪಕ್ಕ ಕುಳಿತ ಅತ್ತೆ, ನಾನು ಕೇಳದೆಯೇ ಭಾಲ್ಕಿಯ ಕಥೆ ಹೇಳಿದಳು. ಗಂಡನ ಮನೆ ಬಿಟ್ಟು ಬರುವ ದಿನ ಗಂಡನ ತಾಯಿಗೆ, "ನಿನ್ನ ಮಾರಿ ಮತ್ತ ನೋಡಂಗಿಲ್ಲ," ಎಂದು ಅಂದು ಬಂದಿದ್ದಳಂತೆ. ವರ್ಷದ ಮೇಲೆ ಅಪ್ಪ ಹೊಸದಾಗಿ ಪಾಸ್ಟರ್ ಆಗಿ ಬಂದು, ಯಾರ ಮೇಲಾದರೂ ಮುನಿಸಿದ್ದರೆ ಮೊದಲು ಹೋಗಿ ರಾಜಿಯಾಗಿ ಆಮೇಲೆ ಈ ಮೇಜಿಗೆ ಬನ್ನಿ, ಅಯೋಗ್ಯರಾಗಿ ತಿಂದರೆ ಅದು ನಿಮಗೇ ತೀರ್ಪು ಎಂದು ಪ್ರಸಂಗ ಮಾಡಿದರು. ಮರುದಿನ ಮೊದಲ ಬಸ್ಸಿಗೇ ಅತ್ತೆ ಭಾಲ್ಕಿಗೆ ಹೋದಳು. ಆ ಮನೆಯ ಅಂಗಳದಲ್ಲಿ ಚಾಪೆ ಹಾಸಿ ಜನ ಕುಳಿತಿದ್ದರು. ಮುದುಕಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. "ಯಾರ ಕಾಲ ಹಿಡೀಲಿ ಹೇಳು?" ಎಂದಳು ಅತ್ತೆ. "ಬಂದು ನಿಮ್ಮಪ್ಪಗ ಹೇಳಿದೆ. ಪ್ರಾರ್ಥನಾ ಮಾಡಕ್ಕಾ ಅಂದ. ಮಾಡಿದೆ. ಮಾಡೇ ಮಾಡಿದೆ." ರಾಜಿಯಾಗಬೇಕಾದವಳು ಸತ್ತಿದ್ದಳು, ಇನ್ನು ಮೇಜಿಗೆ ದಾರಿ ಇಲ್ಲ ಎಂದು ಅವಳು ತಾನೇ ತೀರ್ಮಾನಿಸಿದ್ದಳು. ಆಮೇಲೆ ಹದಿನಾರು ವರ್ಷ, ತನ್ನೊಳಗೆ ಸರಿಮಾಡಲಾಗದ್ದನ್ನೆಲ್ಲ ಆ ಚೌಕಗಳಲ್ಲಿ ಸರಿಮಾಡುತ್ತಿದ್ದಳು.

ಡಾಬಕಾದ ನಂತರ ಅವಳು ಬೇರೆಯೇ ಆದಳು. ಸ್ಕೇಲು ಮುಟ್ಟಲಿಲ್ಲ. ರೊಟ್ಟಿಯನ್ನು ಕೈಯಿಂದಲೇ ಮುರಿಯುತ್ತಿದ್ದಳು, ಮುರಿಯುತ್ತ ಶಿವಮ್ಮನೊಂದಿಗೆ ಊರ ಸುದ್ದಿ ಆಡುತ್ತಿದ್ದಳು. ಭಾನುವಾರ ಎಲ್ಲರೊಂದಿಗೆ ಎದ್ದು ಮುಂದೆ ಹೋಗಿ ಕೈಚಾಚುತ್ತಿದ್ದಳು. ಸಿಡುಕಿದ ವಾರವೂ ಹೋಗುತ್ತಿದ್ದಳು. "ಸಿಡುಕೀನಿ, ಅದಕ್ಕ ಬೇಕಾಗ್ಯದ," ಎಂದು ನನ್ನ ಕಿವಿಯಲ್ಲಿ ಹೇಳಿ ಏಳುತ್ತಿದ್ದಳು. ಹೀಗೆ ಎಂಟು ತಿಂಗಳು ನಡೆಯಿತೋ ಹತ್ತೋ. ತುಣುಕುಗಳು ಸಣ್ಣ ದೊಡ್ಡ ಆಗುತ್ತಿವೆ, ಪುಡಿ ಬೀಳುತ್ತದೆ, ಮೊದಲಿನ ಶ್ರದ್ಧೆ ಇಲ್ಲ ಎಂದು ಸಭೆಯಲ್ಲಿ ದೂರು ಬಂತು. ಯಾರೂ ಅವಳ ಮುಂದೆ ಹೇಳಲಿಲ್ಲ. ಒಂದು ಶನಿವಾರ ಅಪ್ಪ ಬೇಕರಿಯ ಬ್ರೆಡ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಇನ್ನ ಇದೇ ಇರ್ಲಿ ಅಕ್ಕಾ, ನಿನಗೂ ಆರಾಮ," ಎಂದರು. ಅವ್ವ ಒಲೆಯ ಕಡೆ ತಿರುಗಿಕೊಂಡಳು. ಅತ್ತೆ ಬ್ರೆಡ್ಡನ್ನು ಒತ್ತಿ ನೋಡಿ, "ಹತ್ತಿ ಅರಳಿ ಇದ್ದಂಗ ಅದ, ಮುದುಕರಿಗಿ ಛಲೋ ಆಯ್ತು," ಎಂದಳು. ಅವಳಿಗೆ ನೋವಾಗಲಿಲ್ಲವೆಂದು ನಾನು ಹೇಳಲಾರೆ. ಆದರೆ ಮರುದಿನ ಆ ಬೇಕರಿ ಬ್ರೆಡ್ಡಿಗೂ ಅವಳು ಕೈಚಾಚಿದಳು. ಕಹಿ ಉಳಿದದ್ದು ನನ್ನಲ್ಲಿ. ಅವಳು ಹಸಿದಿದ್ದಷ್ಟು ಕಾಲ ಅವಳ ಕೈ ಎಲ್ಲರಿಗೂ ಬೇಕಿತ್ತು.

ಇಷ್ಟೆಲ್ಲ ಕಣ್ಣಾರೆ ನೋಡಿದ ನಾನು ಕಲಿತದ್ದು ಮಾತ್ರ ಸ್ಕೇಲನ್ನು. ಕಲಬುರಗಿಯಲ್ಲಿ ಎಂ.ಫಿಲ್. ಮಾಡುವಾಗ ದಿನಚರಿಯಲ್ಲೂ ಒಂದು ಪದಕ್ಕೆ ಕಾಟು ಬಿದ್ದರೆ ಆ ಪುಟವನ್ನೇ ಹರಿದು ಮತ್ತೆ ಬರೆಯುತ್ತಿದ್ದೆ. ಪ್ರಬಂಧದ ಮೂರನೇ ಅಧ್ಯಾಯವನ್ನು ನಾಲ್ಕು ಸಲ ಬರೆದೆ. ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ಅವಳೇ ಹಾಸ್ಟೆಲಿಗೆ ಫೋನ್ ಮಾಡಿಸಿದಳು. "ಬಂದು ಹೋಗು ಪುಟ್ಟಿ."

"ಒಂದು ಅಧ್ಯಾಯ ಉಳದದತ್ತಿ. ಮುಗಿಸಿ ಬರ್ತೇನಿ."

"ಹರದದ್ದೇ ಇರ್ಲಿ, ಬಾ."

ನಾನು ಐದನೇ ಸಲ ಬರೆಯುತ್ತ ಕುಳಿತೆ. ಬೀದರಿಗೆ ಬಂದಾಗ ಶವಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು. ನನಗೂ ಈಗ ಹಿಡಿಯಲು ಕಾಲುಗಳಿರಲಿಲ್ಲ.

ಅದಾದ ಮೇಲೆ ಒಂದೂವರೆ ವರ್ಷ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ. ತಯಾರಿ ಆಗಿರಲಿಲ್ಲ. ಯಾವ ದಿನ ಎದ್ದೆ ಎಂಬುದನ್ನು ದಿನಚರಿಯಲ್ಲಿ ಬರೆದಿಲ್ಲ, ಬರೆಯಲು ಹೆದರಿದ್ದೆ. ನನ್ನೊಳಗೆ ಏನೂ ಸರಿಹೋಗಿರಲಿಲ್ಲ ಎಂಬುದು ಮಾತ್ರ ಖಚಿತ. ಸರಿಹೋಗುವುದಿಲ್ಲ ಎಂದು ತಿಳಿದ ದಿನವೇ ಎದ್ದೆ, ಕೊಡುವವನು ನನ್ನ ಕೈ ನೋಡಿ ಕೊಡುವುದಿಲ್ಲ ಎಂದು ನಂಬಿ ಎದ್ದೆ. ಆ ನಂಬಿಕೆಯ ಮೇಲೆಯೇ ಇವತ್ತಿಗೂ ಬದುಕಿದ್ದೇನೆ. ಪ್ರಬಂಧವನ್ನು ತಪ್ಪುಗಳ ಸಮೇತ ಒಪ್ಪಿಸಿದೆ. ದಿನಚರಿಯಲ್ಲಿ ಈಗ ಕಾಟುಗಳಿವೆ. ಚಿಂತೆ ಬರುತ್ತದೆ, ಸ್ವಲ್ಪ ಹೊತ್ತು ಕೂರುತ್ತದೆ, ಪ್ರಾರ್ಥಿಸುತ್ತೇನೆ, ಕೆಲವೊಮ್ಮೆ ಹೋಗುತ್ತದೆ. ನನ್ನನ್ನು ನಾನು ಕ್ಷಮಿಸುವುದನ್ನೂ ಅಷ್ಟಿಷ್ಟು ಕಲಿತಿದ್ದೇನೆ. ಅಪ್ಪನ ವಿಷಯದಲ್ಲಿ ಇನ್ನೂ ಆಗಿಲ್ಲ.

ಅಪ್ಪ ನಿವೃತ್ತರಾಗಿ, ಅವ್ವನೊಂದಿಗೆ ಈಗ ನನ್ನ ಮನೆಯಲ್ಲಿದ್ದಾರೆ, ಬೀದರಿನಿಂದ ಕೊಳಾರದ ಕಡೆ ಹೋಗುವ ರಸ್ತೆಯಲ್ಲಿ. ಕಿವಿ ಚೆನ್ನಾಗಿದೆ, ನೆನಪು ನನ್ನದಕ್ಕಿಂತ ಚೆನ್ನಾಗಿದೆ. ಪಕ್ಕದ ಮನೆಯವರು ದ್ರಾಕ್ಷಿ ಕುದಿಸಿದ ಆ ಬುಧವಾರ ಸಂಜೆ ಅವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ನಾನು ಎದುರಿಗೆ ಕುಳಿತು ಕೇಳಿದೆ. ಅವರು ಪೇಪರ್ ಮಡಚಿದರು, ಕನ್ನಡಕ ತೆಗೆದರು, ರಸ್ತೆಯ ಕಡೆ ನೋಡಿದರು. ತಿಂಗಳು ಕಳೆಯಿತು, ನಾವು ದಿನಾ ಒಟ್ಟಿಗೆ ಉಣ್ಣುತ್ತೇವೆ, ಊಟಕ್ಕೆ ಮೊದಲು ಅವರೇ ಪ್ರಾರ್ಥಿಸುತ್ತಾರೆ, ಆ ಮಾತಿಗೆ ಮಾತ್ರ ಬರುವುದಿಲ್ಲ. ನಾನು ಕೇಳಿದ್ದು ಇಷ್ಟೇ: "ಅಪ್ಪಾ, ಅತ್ತಿ ಭಾಲ್ಕಿಯಿಂದ ಬಂದು ನಿಮ್ಮ ಮುಂದ ಎಲ್ಲಾ ಹೇಳಿದ ದಿನ, ಬಾ ಅಕ್ಕಾ, ಇದು ನಿನಗೂ ಅದ ಅಂತ ಒಂದು ಮಾತು ಯಾಕ ಅನ್ನಲಿಲ್ಲ ನೀವು?"