ರೀಲಿಗೊಂದು ಚರಣ ಹುಡುಕುತ್ತ

ನಮ್ಮ ಅಡಿಗೆಮನೆಯ ಡ್ರಾಯರಿನಲ್ಲಿ ಒಂದು ಮೊಂಡು ಪೆನ್ಸಿಲ್ ಇದೆ. ಬರೆಯುವುದಕ್ಕಲ್ಲ, ಕ್ಯಾಸೆಟ್ಟಿನ ಹಲ್ಲುಚಕ್ರಕ್ಕೆ ತೂರಿಸಿ ಸಡಿಲವಾದ ಟೇಪನ್ನು ಬಿಗಿಯಾಗಿ ಸುತ್ತುವುದಕ್ಕೆ. ಮೈಸೂರಿನಲ್ಲಿ ಮಾಡುತ್ತಿದ್ದ ಚಾಕರಿಯನ್ನೇ ಅದು ಅಮೆರಿಕದ ಕ್ಯಾರಿಯಲ್ಲಿಯೂ ಮುಂದುವರಿಸಿತ್ತು. ತೊಂಬತ್ತರ ದಶಕದ ನಡುವಿನ ಆ ವರ್ಷ ಅದು ಸುತ್ತಿದ್ದೆಲ್ಲ ಒಂದೇ ಕ್ಯಾಸೆಟ್ಟನ್ನು, ಪಕ್ಕದ ಮನೆಯ ಐಲೀನಳದ್ದನ್ನು.

ಐಲೀನಳ ಗಂಡ ಡ್ಯಾನ್ ಐರಿಶ್ ಮನೆತನದವನು, ದಿನಾ ಸಂಜೆ ಪಿಟೀಲು ನುಡಿಸುತ್ತಿದ್ದವನು. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಮಗಳು ನೋರಾಳ ಮದುವೆ ಅಕ್ಟೋಬರಿನಲ್ಲಿ. ಅಪ್ಪ ಇಲ್ಲದಿದ್ದರೂ ಅಪ್ಪನ ರೀಲಿಗೇ ಕುಣಿಯಬೇಕೆಂದು ಅವಳ ಆಸೆ. ರೀಲು ಎಂದರೆ ನಮ್ಮಲ್ಲಿ ಬಿಡುವಂಥದ್ದು, ಅವರಲ್ಲಿ ಕುಣಿಯುವಂಥ ಮಟ್ಟು. ವಾದ್ಯಗೋಷ್ಠಿಯವರು ರೀಲಿನ ಹೆಸರು ಕೇಳಿದರಂತೆ. ಐಲೀನಳಿಗೆ ಗೊತ್ತಿಲ್ಲ. "ಪಾತ್ರೆ ತೊಳೀತಾ ದಿನಾ ಕೇಳ್ತಿದ್ದೆ. ಹೆಸರೇನು ಅಂತ ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ ನೋಡು," ಎಂದು ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿ ಡ್ಯಾನನ ಆ ರೀಲು ತುಂಬಿದ್ದ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟಳು. ಚಿಕ್ಕಂದಿನಲ್ಲಿ ಪಿಟೀಲು ಕಲಿತ ನನಗೆ ಇದೆಷ್ಟರ ಕೆಲಸವೆಂದು, ಇಲ್ಲದ ಉಸಾಬರಿಯನ್ನು ಸಂತೋಷದಿಂದಲೇ ಮೈಮೇಲೆ ಎಳೆದುಕೊಂಡೆ.

ಕೇಳಿ ಕೇಳಿ ಸ್ವರ ಹಾಕಿದೆ: ಮೊದಲೊಂದು ಪಲ್ಲವಿ, ತಾರಕ್ಕೇರುವ ಅನುಪಲ್ಲವಿ, ಆಮೇಲೆ ಉದ್ದನೆಯ ಚೆಲುವಾದ ಚರಣ. ಚರಣ ಹಿಡಿಯುವ ಮುಂಚೆ ಡ್ಯಾನ್ ಒಂದು ಸಲ "ಹಪ್!" ಎಂದು ಕೂಗುತ್ತಾನೆ. ನಮ್ಮ ಕಚೇರಿಗಳಲ್ಲಿ ಭೇಷ್ ಅನ್ನುವುದಿಲ್ಲವೇ, ಪಾಪ, ಕೇಳುವವರಿಲ್ಲದೆ ತನಗೆ ತಾನೇ ಅಂದುಕೊಂಡನೆಂದು ತಿಳಿದು, ಪ್ರತಿ ತೆಗೆಯುವಾಗ ಆ ಕೂಗನ್ನು ನಾಜೂಕಾಗಿ ಕತ್ತರಿಸಿಬಿಟ್ಟೆ.

ಆಮೇಲೆ ಶುರುವಾಯಿತು ಬೇಟೆ. ಲೈಬ್ರರಿಯ ಹಳೆಯ ಸಂಗ್ರಹವೊಂದರಲ್ಲಿ ನನ್ನ ಪಲ್ಲವಿ ಯಾವುದೋ ಹೆಂಗಸಿನ ಹೆಸರಿನಲ್ಲಿ ಕೂತಿತ್ತು, ಇನ್ನೊಂದರಲ್ಲಿ ಗುಡ್ಡದ ಹೆಸರಿನಲ್ಲಿ. ಗೀಚುಸದ್ದಿನ ಒಂದು ಮುದ್ರಿಕೆಯಲ್ಲಿ ಕೊಳಲಿನವನು ಕೆಳಗಿನ ಸ್ವರಗಳಿಗೆ ಇಳಿಯಲಾರದೆ ಮೇಲಿನ ಸ್ಥಾಯಿಯಲ್ಲೇ ನುಡಿಸಿ ಮುಗಿಸಿದ್ದ. ಒಂದೇ ಕೃತಿಗೆ ಮನೆಗೊಂದು ಪಾಠಾಂತರ ಕೇಳಿ ಬೆಳೆದ ನನಗೆ ಪರದೇಶದಲ್ಲಿ ನೆಂಟರ ಮನೆಗೆ ಹೋದಂತಾಯಿತು. ಆದರೆ ಎಲ್ಲಿ ನೋಡಿದರೂ ಎರಡೇ ಭಾಗ, ಚರಣದ ಸುಳಿವಿಲ್ಲ. ಅಟ್ಲಾಂಟಾ ಹತ್ತಿರದ ಕಮ್ಮಿಂಗಿನಲ್ಲಿ ಹೊಸಮನೆ ಕೊಂಡಿದ್ದ ಗೆಳತಿ ಶ್ಯಾಮಲಾ ಆ ನಗರದ ಸಂಗೀತದ ಅಂಗಡಿಗಳನ್ನೆಲ್ಲ ಜಾಲಾಡಿ ಫೋನ್ ಮಾಡಿದಳು: "ಡ್ರೈವ್ ಮಾಡಿ ಮಾಡಿ ಸಾಕಾಯ್ತು ಕಣೇ. ಈ ಪಬ್ಲಿಷರ್ಸು ಚರಣ ನುಂಗಿ ನೀರು ಕುಡಿದಿದಾರೆ." ನನಗೂ ಹಾಗೆಯೇ ಅನ್ನಿಸಿ, ಒಬ್ಬ ಪ್ರಕಾಶಕರಿಗೆ ಖಾರವಾಗಿ ಬರೆಯುವವಳಿದ್ದೆ.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ವಾಷಿಂಗ್ಟನ್ನಿಗೆ ಕೆಲಸದ ಮೇಲೆ ಹೋದಾಗ, ಭಾನುವಾರ ಮಧ್ಯಾಹ್ನ ಐರಿಶ್ ವಾದ್ಯದವರು ಸುತ್ತ ಕೂತು ನುಡಿಸುವ ಒಂದು ಪಬ್ಬನ್ನು ವರ್ಜೀನಿಯಾದ ಕಡೆ ಹುಡುಕಿಕೊಂಡು ಹೋದೆ. ಡ್ಯಾನನ ಕತೆ ಕೇಳಿ ಬಿಳಿಗಡ್ಡದ ಪಿಟೀಲಿನವರೊಬ್ಬರು ತಮ್ಮ ವಾದ್ಯವನ್ನೇ ಕೊಟ್ಟು ನುಡಿಸಲು ಹೇಳಿದರು. ಪಲ್ಲವಿಯಿಂದ ಚರಣದವರೆಗೆ ಭಕ್ತಿಯಿಂದ ನುಡಿಸಿ, ಹೆಸರು ಹೇಳಿಯಾರೆಂದು ಕಾದೆ. ಅವರು ನಕ್ಕರು.

"ಯಾವುದರ ಹೆಸರು ಬೇಕಮ್ಮ? ನೀನು ನುಡಿಸಿದ್ದು ಎರಡು ರೀಲು."

ನನ್ನ ಮುಖ ನೋಡಿ ಬಿಡಿಸಿ ಹೇಳಿದರು: ನಾನು ಚರಣವೆಂದುಕೊಂಡದ್ದೇ ಎರಡನೆಯ ರೀಲು. ಅವರಲ್ಲಿ ಒಂದು ಮಟ್ಟು ಮುಗಿಯುತ್ತಿದ್ದಂತೆ ಉಸಿರು ಬಿಡದೆ ಮತ್ತೊಂದಕ್ಕೆ ಹಾರುವುದು ವಾಡಿಕೆ. ಯಾವುದಕ್ಕೆ ಯಾವುದನ್ನು ಪೋಣಿಸುವುದು ನುಡಿಸುವವನ ಇಷ್ಟ. ಎರಡರ ಹೆಸರನ್ನೂ ಹೇಳಿದರು. "ಈ ಜೋಡಿಯನ್ನ ನಾನಂತೂ ಕೇಳಿಲ್ಲ. ಯಾವ ಪುಸ್ತಕದಲ್ಲೂ ಸಿಗೋಲ್ಲ. ಅದು ಅವನದೇ. ಹಾರೋ ಮುಂಚೆ ಜೊತೆಯವರಿಗೆ ಗೊತ್ತಾಗಲಿ ಅಂತ ಏನಾದ್ರೂ ಕೂಗ್ತಿದ್ದನೇ?"

ನಾನು ಕತ್ತರಿಸಿ ಎಸೆದಿದ್ದ ಭೇಷ್ ನೆನಪಾಗಿ ಕಿವಿ ಬಿಸಿಯಾಯಿತು.

ಊರಿಗೆ ಬಂದು ಐಲೀನಳಿಗೆ ಎಲ್ಲವನ್ನೂ ಹೇಳಿದೆ. ಆದರೆ ಮನೆಯಲ್ಲಿ ಒಬ್ಬನೇ ನುಡಿಸುವವನು ಯಾರನ್ನು ಎಚ್ಚರಿಸುತ್ತಿದ್ದ? ನೀವೇ ಹೇಳಿ, ಕೇಳದೆ ಇರಲಾಗುತ್ತದೆಯೇ? ಕೇಳಿಯೇಬಿಟ್ಟೆ. ಅವಳು ಅಡಿಗೆಮನೆಯ ನಲ್ಲಿಯ ಕಡೆ ನೋಡಿದಳು.

"ನನಗೇ ಹೇಳ್ತಿದ್ದ. ಹಪ್ ಅಂದ ಕೂಡಲೇ ನಲ್ಲಿ ನಿಲ್ಲಿಸಿ ಕೈ ಒರೆಸ್ಕೊಂಡು ಬರ್ತಿದ್ದೆ. ಎರಡನೇದು ನಾನು ಕುಣಿಯೋಕೆ."

ಮದುವೆಯ ದಿನ ಗೋಷ್ಠಿಯವರು ಎರಡೂ ರೀಲನ್ನು ಕಲಿತೇ ಬಂದಿದ್ದರು. ನೋರಾ ಗಂಡನ ಕೈಹಿಡಿದು ಮೊದಲನೆಯದಕ್ಕೆ ಕುಣಿದಳು. ಅದು ಮುಗಿಯುತ್ತ ಬಂತು. ಇನ್ನೊಂದು ಸುತ್ತೋ, ಹಾರುವುದೋ ಎಂದು ವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಿಂದ ಐಲೀನ್ ಎದ್ದು ನಿಂತು "ಹಪ್!" ಎಂದಳು. ಗೋಷ್ಠಿ ಹಾರಿತು. ಕೈಯಲ್ಲಿ ಏನೂ ಇಲ್ಲದಿದ್ದರೂ ಅವಳು ಎರಡು ಅಂಗೈಗಳನ್ನೂ ರೇಷ್ಮೆಯ ಲಂಗಕ್ಕೆ ಒರೆಸಿಕೊಂಡು ಮಗಳ ಕಡೆಗೆ ನಡೆದಳು. ನನಗೆ ಅಳು ತಡೆಯಲಾಗಲಿಲ್ಲ.

ನನ್ನ ನಾಜೂಕಿನ ಪ್ರತಿಯನ್ನು ಎಸೆದು, ಮೂಲದಿಂದ ಇನ್ನೊಂದನ್ನು ಏನೂ ಕತ್ತರಿಸದೆ ತೆಗೆದುಕೊಂಡಿದ್ದೇನೆ. ಆಗಾಗ ಅದು ಸಡಿಲವಾಗುತ್ತದೆ. ಡ್ರಾಯರಿನ ಪೆನ್ಸಿಲ್ಲಿನಿಂದ ಸುತ್ತಿ, ಹಾಕಿ, ಪಾತ್ರೆ ತೊಳೆಯಲು ನಿಲ್ಲುತ್ತೇನೆ. ಡ್ಯಾನ್ ಕೂಗುವ ಹೊತ್ತಿಗೆ ನನ್ನ ಕೈ ತಾನಾಗಿ ನಲ್ಲಿ ನಿಲ್ಲಿಸುತ್ತದೆ.